ಮಾಳಿಗೆ ಮನೆ ಖಾಲಿ ಇದೆ, ಈ ಸಲ ನೋಡಿ ಕೇಳಿ ಕೊಡಬೇಕು. ಹೇಗೆ?

ಮಾಳಿಗೆ_ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ, ಸೇಡಂ ರಸ್ತೆ ಕಡೆ ಮನೆ. ಕೆಳಗೆ ಅವ್ವ ಒಬ್ಬಳೇ ಇದ್ದಾಳೆ. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು. ನಾನು ಬೆಂಗಳೂರಲ್ಲಿ ಕೆಲಸ ಮಾಡುತ್ತೇನೆ, ಎರಡು ತಿಂಗಳಿಗೊಮ್ಮೆ ಊರಿಗೆ ಬರುತ್ತೇನೆ. ಮೇಲೆ ಎರಡು ರೂಮು, ಅಡುಗೆಮನೆ, ಮುಂದೆ ಸ್ವಲ್ಪ ಬಯಲು. ಅಪ್ಪ ರಿಟೈರ್ ಆದಾಗ ಬಂದ ದುಡ್ಡಲ್ಲಿ ಕಟ್ಟಿಸಿದ್ದು. ಅದರ ಬಾಡಿಗೆಯಲ್ಲೇ ಅವ್ವನ ಔಷಧಿ, ಸಂತೆ ಎಲ್ಲಾ ನಡೆಯಬೇಕು.

ಹೋದ ಸಲ ಏನಾಯ್ತು ಅಂತ ಮೊದಲು ಹೇಳಿಬಿಡುತ್ತೇನೆ. ಪರಿಚಯದವರೊಬ್ಬರು ಒಂದು ಸಂಸಾರ ಕರೆದುಕೊಂಡು ಬಂದರು. "ನಮ್ಮವರೇ ಅದಾರ, ಚಿಂತಿ ಮಾಡಬ್ಯಾಡ್ರಿ" ಅಂದರು. ಆ ಒಂದು ಮಾತಿಗೆ ಅವ್ವ ಕೀಲಿ ಕೊಟ್ಟಳು. ಕೆಲಸ ಏನು, ಮೊದಲು ಎಲ್ಲಿದ್ದಿರಿ, ಆ ಮನೆ ಯಾಕೆ ಬಿಟ್ಟಿರಿ, ಏನೂ ಕೇಳಲಿಲ್ಲ. ಫೋನಲ್ಲಿ ನಾನೂ ಕೇಳಲಿಲ್ಲ. ಆಧಾರ್ ಫೋಟೋ ವಾಟ್ಸಾಪಿನಲ್ಲಿ ಬಂದಿತ್ತು, ಮಸುಕಾಗಿತ್ತು. ಇನ್ನೊಂದು ಕಳಿಸಿ ಅನ್ನಲು ಸಂಕೋಚ ಆಯ್ತು. ಬಾಡಿಗೆ 6,500. ಡಿಪಾಸಿಟ್ ಒಂದೇ ತಿಂಗಳದು. ಕರಾರು ಪತ್ರ ಇಲ್ಲ.

ಏಳು ತಿಂಗಳು ಸರಿಯಾಗಿ ಕೊಟ್ಟರು. ಎಂಟನೇ ತಿಂಗಳಿಂದ ಈ ಹತ್ತಕ್ಕೆ ಕೊಡ್ತೀವಿ, ಬರೋ ಇಪ್ಪತ್ತಕ್ಕೆ ಕೊಡ್ತೀವಿ ಅಂತ ಶುರುವಾಯ್ತು. ಅವ್ವನಿಗೆ ಮೊಣಕಾಲು ನೋವು. ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಬಡಿಯುತ್ತಿದ್ದಳು. ಒಳಗೆ ಟಿವಿ ಸದ್ದು ಕೇಳುತ್ತಿತ್ತು, ಬಾಗಿಲು ತೆಗೆಯುತ್ತಿರಲಿಲ್ಲ. ಐದು ತಿಂಗಳು ಹೀಗೇ ಹೋಯ್ತು. ಒಂದು ದಿನ ಬೆಳಿಗ್ಗೆ ನೋಡಿದರೆ ಮೇಲೆ ಬಾಗಿಲು ತೆರೆದೇ ಇದೆ, ಮಂದಿ ಇಲ್ಲ. ಒಂದು ಹರಿದ ಚಾಪೆ, ಒಂದು ಮುರಿದ ಕೂಲರ್. ಕೂಲರ್ ನೀರು ಸೋರಿ ಸೋರಿ ಗೋಡೆಯ ಗಿಲಾವು ಸೊಂಟದೆತ್ತರಕ್ಕೆ ಉಬ್ಬಿತ್ತು. ನೆಲದ ಪರಸಿ ಕಲ್ಲಿನ ಸಂದಿಯಲ್ಲಿ ಪಾಚಿ ಕಟ್ಟಿತ್ತು. ಅಪ್ಪ ಶಹಾಬಾದಿಗೆ ತಾನೇ ಹೋಗಿ, ಒಂದೊಂದನ್ನೇ ಬೆರಳಿಂದ ತಟ್ಟಿ ಸದ್ದು ಕೇಳಿ ಆರಿಸಿ ತಂದ ಪರಸಿ ಅದು. ಅವ್ವ ಅದನ್ನು ನೋಡಿ ಅತ್ತಳು. ಬಾಕಿ ಬಾಡಿಗೆಗೆ ಅಳಲಿಲ್ಲ.

ಡಿಪಾಸಿಟ್ ಕಳೆದು 26,000 ಹೋಯ್ತು. ಗೃಹಜ್ಯೋತಿ ಇದ್ದರೂ ಬೇಸಿಗೆಯಲ್ಲಿ 200 ಯೂನಿಟ್ ದಾಟಿಸಿದ್ದರಿಂದ ಲೈಟ್ ಬಿಲ್ ಬೇರೆ ಬಾಕಿ. ಕರೆದುಕೊಂಡು ಬಂದವರನ್ನು ಕೇಳಿದರೆ "ನನಗೂ ಅವರು ಅಷ್ಟಾಗಿ ಗೊತ್ತಿರಲಿಲ್ಲ" ಅಂದರು.

ಈಗ ಗಿಲಾವು ಕೆತ್ತಿಸಿ, ಬಣ್ಣ ಹಚ್ಚಿಸಿ, ಬೋರ್ಡ್ ಹಾಕಿದ್ದೇವೆ. ಮೂರು ಕಡೆಯವರು ಬಂದು ನೋಡಿ ಹೋಗಿದ್ದಾರೆ. ಆಸ್ಪತ್ರೆ ಕೆಲಸದ ಇಬ್ಬರು ನರ್ಸ್ ಹುಡುಗಿಯರು. ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುವವರೊಬ್ಬರು, ಹೆಂಡತಿ, ಎರಡು ಮಕ್ಕಳು. ಬ್ಯಾಂಕಿನ ಹುಡುಗ ಒಬ್ಬ. ಅವ್ವ ಮಾತ್ರ "ನಮ್ಮವರು ಯಾರರ ಸಿಗೂತನ ಕಾಯೋಣ" ಅಂತಾಳೆ. ಹೋದ ಸಲ ಬಂದವರೂ ನಮ್ಮವರೇ ಅಲ್ವಾ ಅಂದರೆ ಸುಮ್ಮನಾಗುತ್ತಾಳೆ. ಬಾಡಿಗೆಗೆ ಬರುವವರನ್ನು ನೀವೆಲ್ಲ ಹೇಗೆ ನೋಡುತ್ತೀರಿ? ಅವ್ವ ಒಬ್ಬಳೇ ಇರೋದು, ಅದೂ ಒಂದು ಯೋಚನೆ.

ಬ್ರಹ್ಮಪುರ_ಕಾಕಾ

ತಂಗಿ, ಓದಿ ಸಂಕಟ ಆಯ್ತು. ನಾನು 1991ರಿಂದ ಬಾಡಿಗೆಗೆ ಕೊಡುತ್ತಾ ಬಂದಿದ್ದೇನೆ. ಮೂರು ಮನೆ, ಇಲ್ಲಿಯವರೆಗೆ ಇಪ್ಪತ್ತಕ್ಕೂ ಜಾಸ್ತಿ ಸಂಸಾರ ಬಂದು ಹೋಗಿವೆ. ನಾಲ್ಕು ಕಡೆ ಏಟು ತಿಂದಿದ್ದೇನೆ. ನಾಲ್ಕೂ ಸಲ ನಾನು ಒಂದೇ ಕೆಲಸ ಬಿಟ್ಟಿದ್ದೆ: ಅವರು ಮೊದಲಿದ್ದ ಮನೆಗೆ ಹೋಗಿ ಬರೋದು.

ಈಗ ಇರುವ ಮನೆಯ ಮಾಲೀಕರ ಮಾತನ್ನು ಪೂರ್ತಿ ನಂಬಬೇಡ. ಬಾಕಿ ಇಟ್ಟುಕೊಂಡವರನ್ನು ಹೇಗಾದರೂ ಸಾಗಹಾಕಿದರೆ ಸಾಕು ಅಂತ ಇರುವವರು "ಭಾಳ ಚೊಲೋ ಮಂದಿ ರೀ" ಅಂತಲೇ ಹೇಳುತ್ತಾರೆ. ಅದರ ಹಿಂದಿನ ಮನೆ ಹುಡುಕಬೇಕು. ಅವರಿಗೆ ಸುಳ್ಳು ಹೇಳಿ ಆಗಬೇಕಾದ್ದು ಏನೂ ಇರುವುದಿಲ್ಲ. ಬಂದವರ ಹತ್ತಿರವೇ ಕೇಳು: "ಹಿಂದಿನ ಎರಡು ಮನೆ ಎಲ್ಲಿದ್ದವು, ಮಾಲೀಕರ ನಂಬರ್ ಕೊಡಿ, ಹೋಗಿ ಕೇಳಿ ಬರ್ತೀವಿ." ಮರೆಯಲ್ಲಿ ವಿಚಾರಿಸುವುದು ಬೇಡ, ಹೇಳಿಯೇ ಹೋಗು. ಸರಿ ಇರುವವರು "ಹೋಗಿ ಬರ್ರಿ" ಅಂತಾರೆ. ನಂಬರ್ ಹೋಗಿದೆ, ಅವರು ಊರಲ್ಲಿಲ್ಲ, ಆ ಮನೆ ಮಾರಿಬಿಟ್ಟರು ಅಂತ ಮೂರೂ ಒಟ್ಟಿಗೆ ಹೇಳಿದರೆ ನಾನು ಅಲ್ಲಿಗೇ ಬಿಡುತ್ತೇನೆ.

ಇನ್ನೊಂದು ಜಾಗ ಇದೆ. ಓಣಿ ಮೂಲೆಯ ಕಿರಾಣಿ ಅಂಗಡಿ. ಆರು ವರ್ಷದ ಹಿಂದೆ ಎಂಎಸ್‌ಕೆ ಮಿಲ್ ಕಡೆಯಿಂದ ಒಬ್ಬರು ಬಂದರು, ಟೈಲರ್ ಕೆಲಸ. ಸಂಬಳದ ಚೀಟಿ ಎಲ್ಲಿಂದ ತರುತ್ತಾರೆ? ಅವರೇ "ನಮ್ಮ ಅಂಗಡಿಯವರನ್ನ ಕೇಳ್ರಿ" ಅಂದರು. ಸಂಜೆ ಹೋದೆ. ಅಂಗಡಿಯ ಹಿರಿಯರು ಉದ್ರಿ ವಹಿ ತೆಗೆದು, ಕನ್ನಡಕ ಮೇಲೆ ಮಾಡಿ, ಒಂದು ಪುಟದ ಮೇಲೆ ಬೆರಳಿಟ್ಟರು. ಪ್ರತಿ ತಿಂಗಳ ಲೆಕ್ಕದ ಕೆಳಗೆ ಒಂದು ಅಡ್ಡಗೆರೆ, ಪಕ್ಕದಲ್ಲಿ ತಾರೀಖು. ಐದು, ಆರು, ಐದು, ಏಳು, ಐದು. ಒಂದು ತಿಂಗಳು ಮಾತ್ರ ಇಪ್ಪತ್ತು. "ಆ ತಿಂಗಳ ಹೆಣ್ತಿಗಿ ಆಪರೇಶನ್ ಆಗಿತ್ರಿ, ಮೊದಲೇ ಬಂದು ಹೇಳಿ ಹೋಗಿದ್ದ" ಅಂದರು. ನನಗೆ ಅಷ್ಟು ಸಾಕಾಯಿತು. ಇವತ್ತಿಗೂ ಆ ಟೈಲರ್ ನಮ್ಮ ಮನೆಯಲ್ಲೇ ಇದ್ದಾರೆ.

ಈಗ ಎಲ್ಲರ ಕೈಯಲ್ಲೂ ಫೋನ್‌ಪೇ ಇದೆ. "ಹಿಂದಿನ ಆರು ತಿಂಗಳ ಬಾಡಿಗೆ ಕಳಿಸಿದ್ದು ತೋರಿಸ್ತೀರಾ" ಅಂತ ಕೇಳಬಹುದು. ಅಷ್ಟನ್ನೇ ನೋಡಬೇಕು, ಅವರ ಉಳಿದ ಲೆಕ್ಕ ಕೆದಕಬಾರದು. ಬಾಡಿಗೆ ದುಡಿಮೆಯ ಮೂರನೇ ಒಂದು ಭಾಗ ದಾಟಿದರೆ ನಾನು ನೇರವಾಗಿ ಹೇಳುತ್ತೇನೆ, "ನಿಮಗ ಹೊರಿ ಆಗ್ತದ, ಇನ್ನೊಂದು ಮನಿ ನೋಡ್ರಿ" ಅಂತ.

ಮಿಲ್ಲಿನವರ ಬಗ್ಗೆ ಒಂದು ಮಾತು. ಹೊಸ ತೊಗರಿ ಬರುವ ಡಿಸೆಂಬರ್, ಜನವರಿಯಲ್ಲಿ ಅವರಿಗೆ ಕೈತುಂಬ ಕೆಲಸ. ಕೆಲಸ ಸಡಿಲ ಇರುವ ತಿಂಗಳುಗಳಲ್ಲಿ ಹೇಗೆ ನಡೆಸುತ್ತಾರೆ ಅಂತ ಕೇಳು. ಯೋಚನೆ ಮಾಡಿ ಉತ್ತರ ಹೇಳುವವರು ಬಾಡಿಗೆಯನ್ನೂ ಯೋಚನೆ ಮಾಡಿಯೇ ಕೊಡುತ್ತಾರೆ. ಸಂಬಳದ ಬಟವಾಡೆ ಯಾವ ದಿನ ಅಂತ ಕೇಳಿ, ಬಾಡಿಗೆ ತಾರೀಖು ಅದರ ಮರುದಿನ ಇಟ್ಟುಕೋ.

ಮನೆ ನೋಡಲು ಬಂದಾಗ ಏನು ಕೇಳುತ್ತಾರೆ ಅಂತಲೂ ಗಮನಿಸು. ನಳ ಯಾವಾಗ ಬರುತ್ತೆ, ಬೋರ್ ಇದೆಯಾ, ಹಿಟ್ಟಿನ ಗಿರಣಿ ಎಷ್ಟು ದೂರ ಅಂತ ಕೇಳುವವರು ಇರಲಿಕ್ಕೆ ಬಂದವರು. ಏನೂ ನೋಡದೆ, ಇವತ್ತೇ ಕೀಲಿ ಕೊಡಿ, ಬೇಕಾದರೆ ಐನೂರು ಜಾಸ್ತಿ ಕೊಡ್ತೀವಿ ಅನ್ನುವವರಿಗೆ ನಾನು ಒಂದು ವಾರ ತಡೀರಿ ಅಂತೀನಿ.

ಎಲ್ಲರಿಗೂ_ಹೇಳುವೆ

ನನ್ನದು ಒಂದೇ ಮಾತು. ಮನೆ ನಂದು, ಯಾರಿಗೆ ಕೊಡಬೇಕು ಅನ್ನೋದು ನನ್ನಿಷ್ಟ. ನಮ್ಮ ಮಂದಿ, ಅದೂ ಸಂಸಾರ ಇದ್ದವರಿಗೆ ಮಾತ್ರ ಕೊಡುತ್ತೇನೆ. ಅಡುಗೆ, ಹಬ್ಬ, ನಡೆನುಡಿ ಒಂದೇ ಇದ್ದರೆ ತಕರಾರು ಕಡಿಮೆ. ಉಳಿದ ವಿಚಾರಣೆ ಎಲ್ಲ ಸುಮ್ನೆ.

ಬಾಡಿಗೆಯಲ್ಲೇ_ಹತ್ತು_ವರ್ಷ

ಮೇಲಿನವರಿಗೆ ಕೋಪದಿಂದ ಬರೆಯುತ್ತಿಲ್ಲ. ಆದರೆ ಈ ಚರ್ಚೆಯಲ್ಲಿ ಬಾಡಿಗೆಯವರ ಮಾತೂ ಇರಬೇಕು.

ನಾನು ಸ್ಟಾಫ್ ನರ್ಸ್. ಯಾದಗಿರಿ ಕಡೆಯವಳು, ಹತ್ತು ವರ್ಷದಿಂದ ಕಲಬುರಗಿಯಲ್ಲಿದ್ದೇನೆ. ಹೋದ ವರ್ಷ ಮನೆ ಹುಡುಕುವಾಗ ಹನ್ನೊಂದು ಮನೆ ನೋಡಿದೆ. ಒಂಬತ್ತು ಕಡೆ ಮೊದಲ ಪ್ರಶ್ನೆ "ನೀವು ಯಾವ ಮಂದಿ?" ಎರಡನೆಯದು "ಮಟನ್ ಮಾಡ್ತೀರಿ?" ಎಲ್ಲಿ ಕೆಲಸ, ಎಷ್ಟು ಸಂಬಳ, ಎಷ್ಟು ವರ್ಷದ ನೌಕರಿ ಅಂತ ಕೇಳುವ ಹೊತ್ತಿಗೆ ಆಗಲೇ ಬೇಡ ಅಂತ ಮನಸ್ಸು ಮಾಡಿರುತ್ತಿದ್ದರು. ನನ್ನ ಬ್ಯಾಗಿನಲ್ಲಿ ಆಸ್ಪತ್ರೆ ಗುರುತಿನ ಚೀಟಿ, ಮೂರು ತಿಂಗಳ ಸಂಬಳದ ಚೀಟಿ, ಹಿಂದಿನ ಮನೆಯವರ ನಂಬರ್ ಎಲ್ಲಾ ಇತ್ತು. ಯಾರೂ ತೆಗಿ ಅನ್ನಲಿಲ್ಲ.

ಒಂದು ಮನೆಯಲ್ಲಿ ಅಜ್ಜಿ ನೀರು ಕೊಟ್ಟರು, ಜಾತಿ ಕೇಳಿದರು, ಆಮೇಲೆ ನಾನು ಕುಡಿದ ಲೋಟವನ್ನು ಒಳಗೆ ತೆಗೆದುಕೊಂಡು ಹೋಗದೆ ಹೊರಗಿನ ಕಟ್ಟೆ ಮೇಲೆ ಇಟ್ಟರು. ನಾನು ರಾತ್ರಿ ಪಾಳಿಯಲ್ಲಿ ಅಂಥವರಿಗೇ ಕೈಹಿಡಿದು ಔಷಧಿ ಕುಡಿಸುತ್ತೇನೆ. ಅವತ್ತು ಬಸ್ಸಿನಲ್ಲಿ ಬರುವಾಗ ತುಂಬಾ ಹೊತ್ತು ಕಿಟಕಿ ಆಚೆ ನೋಡುತ್ತಾ ಕೂತಿದ್ದೆ.

ಅಕ್ಕಾ, ನೀವು ವಿಚಾರಿಸಿ. ಚೆನ್ನಾಗಿ ವಿಚಾರಿಸಿ, ನಮಗೆ ಬೇಜಾರಿಲ್ಲ. ಕೆಲಸದ ಕಡೆ ಫೋನ್ ಮಾಡಿ, ನಮ್ಮ ಅಪ್ಪ ಅಮ್ಮನ ಜೊತೆ ಮಾತಾಡಿ. ಬಂದ ಎಲ್ಲರಿಗೂ ಅವೇ ಪ್ರಶ್ನೆ ಕೇಳಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಇಲ್ಲ ಅನ್ನೋದಾದರೆ ಬೇಗ ಹೇಳಿಬಿಡಿ. ನಾಳೆ ಹೇಳ್ತೀವಿ, ನಾಡಿದ್ದು ಹೇಳ್ತೀವಿ ಅಂತ ಹದಿನೈದು ದಿನ ಕಾಯಿಸಿದರೆ ನಮಗೆ ಬೇರೆ ಮನೆ ಕೈತಪ್ಪುತ್ತದೆ.

ನಿಮ್ಮ ಕಡೆಯಿಂದಲೂ ನಿಜ ಹೇಳಿ. ಮಾಳಿಗೆ ಮನೆ ಅಂದರೆ ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ಚಾವಣಿ ಕಾದು ರಾತ್ರಿ ಹನ್ನೊಂದಾದರೂ ತಣ್ಣಗಾಗುವುದಿಲ್ಲ. ಅದನ್ನು ಮೊದಲೇ ಹೇಳಿದರೆ ನಾವು ಯೋಚಿಸಿ ಬರುತ್ತೇವೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಗೇಟಿನಲ್ಲಿ ನಿಂತು ಎಲ್ಲಿ ಹೋಗಿದ್ದಿ ಅಂತ ಕೇಳಬೇಡಿ. ಡ್ಯೂಟಿ ವೇಳೆ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಬಾಡಿಗೆ ರಸೀದಿ ಕೊಡಿ. ಸಂಬಳದವರು ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿ ತೋರಿಸುವುದಿದ್ದರೆ, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದಾಗ ಮಾಲೀಕರ ಪ್ಯಾನ್ ಬೇಕಾಗುತ್ತದೆ. ಅದನ್ನೂ ಮೊದಲೇ ಮಾತಾಡಿಕೊಂಡರೆ ಆಮೇಲೆ ಮುನಿಸು ಇರುವುದಿಲ್ಲ.

ಬ್ರಹ್ಮಪುರ_ಕಾಕಾ

ಮಗಳೇ, ಆ ಲೋಟದ ಮಾತು ಓದಿ ನನಗೆ ನಾಚಿಕೆ ಆಯ್ತು. ನಮ್ಮ ಮನೆಯಲ್ಲೂ ಹಿಂದೆ ಹಾಗೆ ನಡೆದಿದೆ.

"ನನ್ನಿಷ್ಟ" ಅಂದವರಿಗೆ: ನಾನು ಏಟು ತಿಂದ ನಾಲ್ಕರಲ್ಲಿ ಮೂವರು ನಮ್ಮ ಮಂದಿ. ಒಬ್ಬ ನಮ್ಮ ಮನೆಯವಳ ಕಡೆಯ ನೆಂಟ. ನೆಂಟ ಅಂತ ಬಾಡಿಗೆ ಕೇಳಲಿಕ್ಕೂ ಆಗಲಿಲ್ಲ, ಬಿಡಿಸಲಿಕ್ಕೂ ಆಗಲಿಲ್ಲ. ಎರಡು ವರ್ಷ ಮದುವೆ ಮುಂಜಿಯಲ್ಲಿ ಮುಖ ತಪ್ಪಿಸಿಕೊಂಡು ಓಡಾಡಿದೆವು. ಹೊರಗಿನವರಾಗಿದ್ದರೆ ಎರಡನೇ ತಿಂಗಳೇ ಬಾಯಿಬಿಟ್ಟು ಕೇಳುತ್ತಿದ್ದೆ.

ಕೋರ್ಟ್_ರಸ್ತೆ

ಕಾನೂನಿನ ಕಡೆಯಿಂದ ನಾನು ಸ್ವಲ್ಪ ಹೇಳುತ್ತೇನೆ. ಇಲ್ಲಿಯೇ ವಕೀಲಿ ಮಾಡುತ್ತೇನೆ. ವಕೀಲ ಅಂತ ನನಗೂ ಮನೆ ಸಿಗುವುದು ಕಷ್ಟವಾಗಿತ್ತು, ಅದು ಬೇರೆ ಮಾತು.

ಮೊದಲು ಜಾತಿ ವಿಷಯ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ, ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಒಂದು ಓಣಿಯಲ್ಲಿ ಮನೆ ಮಾಡಿ ಇರುವುದನ್ನು ತಡೆದರೆ ಅದು ಅಪರಾಧ. ಆದ್ದರಿಂದ ನನ್ನ ಮನೆ ನನ್ನಿಷ್ಟ ಅನ್ನುವ ಮಾತು ಅಲ್ಲಿ ನಿಲ್ಲುವುದಿಲ್ಲ. ದುಡಿಮೆ ಸಾಲದು, ಹಿಂದಿನ ಮನೆಯಲ್ಲಿ ಬಾಕಿ ಇದೆ, ಹೇಳಿದ್ದು ಸುಳ್ಳು ಅಂತ ಗೊತ್ತಾಯ್ತು, ಇಂಥ ಕಾರಣಕ್ಕೆ ಬೇಡ ಅನ್ನುವುದು ನಿಮಗೆ ಬಿಟ್ಟದ್ದು.

ಕರಾರು ಪತ್ರ ಬೇಕೇ ಬೇಕು. 11 ತಿಂಗಳಿಗೆ ಯಾಕೆ ಮಾಡುತ್ತಾರೆ ಅಂತ ಎಷ್ಟೋ ಜನ ಕೇಳುತ್ತಾರೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಅದಕ್ಕೇ ಹನ್ನೊಂದು. ನೋಟರಿ ಮಾಡಿಸಿದರೆ ನೋಂದಣಿ ಆದಂತೆ ಅಂತ ತಿಳಿಯಬೇಡಿ, ಅವೆರಡೂ ಬೇರೆ. ಇ-ಸ್ಟಾಂಪ್ ಕಾಗದದ ಮೇಲೆ ಬರೆಸಿ, ಎರಡು ಕಡೆಯಿಂದ ಒಬ್ಬೊಬ್ಬ ಸಾಕ್ಷಿ ಇರಲಿ. ಇರುವವರೆಲ್ಲರ ಹೆಸರು ಅದರಲ್ಲಿ ಇರಲಿ. ನಾಲ್ಕು ಮಂದಿ ಅಂತ ಬಂದು ಒಂಬತ್ತು ಮಂದಿ ಇರುವುದು ಇಲ್ಲಿ ನೋಡಿದ್ದೇನೆ. ನೋಟಿಸ್ ಎಷ್ಟು ದಿನ ಅಂತ ಬರೆಯಿರಿ. ಏನೂ ಬರೆಯದೆ ತಿಂಗಳ ಬಾಡಿಗೆಗೆ ಇದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್. ಒಂದು ಸಂಸಾರ ಹದಿನೈದು ದಿನದಲ್ಲಿ ಮನೆ ಹುಡುಕುವುದು ಕಷ್ಟ. ಒಂದು ತಿಂಗಳು ಅಂತ ಬರೆಯುವುದು ಇಬ್ಬರಿಗೂ ಒಳ್ಳೆಯದು.

ಆಧಾರ್. ಪೂರ್ತಿ ನಂಬರ್ ಇರುವ ಜೆರಾಕ್ಸ್ ಇಟ್ಟುಕೊಳ್ಳುವುದು ಬೇಡ. ಮಾಸ್ಕ್ ಆದ ಆಧಾರ್ ಅಂತ ಸಿಗುತ್ತದೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ನಿಮಗೆ ಬೇಕಾದ್ದು ಮನುಷ್ಯ ಅವನೇ ಹೌದಾ ಅಲ್ವಾ ಅನ್ನುವುದು. ಅದಕ್ಕೆ ಎದುರಿಗೆ ಕೂತಾಗ ಮೂಲ ಕಾರ್ಡಿನ ಕ್ಯೂಆರ್ ಕೋಡ್ ಅನ್ನು ಆಧಾರಿನ ಅಧಿಕೃತ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ. ಫೋಟೋ, ಹೆಸರು ಅಲ್ಲೇ ಬರುತ್ತದೆ. ತಿದ್ದಿದ ಕಾರ್ಡ್ ಆಗಿದ್ದರೆ ಕಾರ್ಡಿನ ಮೇಲಿನದ್ದಕ್ಕೂ ಆ್ಯಪಿನಲ್ಲಿ ಬಂದದ್ದಕ್ಕೂ ತಾಳೆ ಆಗುವುದಿಲ್ಲ. ಸಿಕ್ಕ ದಾಖಲೆಯನ್ನು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಹಾಗೆ ಮಾಡುವವರು ಇದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.

ಇ-ಕೋರ್ಟ್ಸ್ ಆ್ಯಪಿನಲ್ಲಿ ಹೆಸರು ಹಾಕಿ ಜಿಲ್ಲೆಯ ಕೋರ್ಟುಗಳಲ್ಲಿ ಕೇಸು ಇದೆಯಾ ಅಂತ ಯಾರು ಬೇಕಾದರೂ ನೋಡಬಹುದು. ಆದರೆ ನಮ್ಮ ಭಾಗದಲ್ಲಿ ಒಂದೇ ಹೆಸರಿನವರು ಓಣಿಗೆ ಹತ್ತು ಮಂದಿ. ತಂದೆ ಹೆಸರು, ಊರು ಕೂಡದೆ ಯಾರನ್ನೂ ಅನುಮಾನಿಸಬೇಡಿ. ಜಮೀನಿನ ಪಾಲಿನ ದಾವೆ ಇದ್ದವರೆಲ್ಲ ಕೆಟ್ಟವರಲ್ಲ. ಬಾಡಿಗೆ ಬಾಕಿ, ಚೆಕ್ ಬೌನ್ಸ್ ಅಂತ ಕಂಡರೆ ನೇರವಾಗಿ ಅವರನ್ನೇ ಕೇಳಿ.

ಠಾಣೆಗೆ ಬಾಡಿಗೆದಾರರ ಮಾಹಿತಿ ಫಾರ್ಮ್ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವಿದೇಶಿ ವಿದ್ಯಾರ್ಥಿಗೆ ಕೊಟ್ಟರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಮಾಹಿತಿ ಕೊಡಬೇಕು, ಆನ್‌ಲೈನಲ್ಲೇ ಆಗುತ್ತದೆ.

ಇಷ್ಟೆಲ್ಲ ಮಾಡಿಯೂ ಬಾಡಿಗೆ ನಿಂತುಹೋಯ್ತು ಅಂತ ಇಟ್ಟುಕೊಳ್ಳಿ. ಆಗ ಸಾಮಾನು ಹೊರಗೆ ಹಾಕುವುದು, ಲೈಟು ನೀರು ಕತ್ತರಿಸುವುದು ಮಾಡಬೇಡಿ. ಬಲವಂತವಾಗಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಅವರು ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು. ಎರಡನೇ ತಿಂಗಳು ತಪ್ಪಿದಾಗಲೇ ಬರಹದಲ್ಲಿ ನೋಟಿಸ್ ಕೊಡಿ. ಅಮ್ಮ ಐದು ತಿಂಗಳು ಮೆಟ್ಟಿಲು ಹತ್ತಿದ್ದಕ್ಕೆ ಒಂದೂ ದಾಖಲೆ ಇಲ್ಲ ನೋಡಿ, ಅಲ್ಲೇ ನೀವು ಸೋತಿದ್ದು.

ವಿದ್ಯಾರ್ಥಿ_ರೂಮು

ನಮ್ಮದು ವಿಶ್ವವಿದ್ಯಾಲಯದ ಕಡೆ. ಹುಡುಗರಿಗೆ ಮೂರು ರೂಮು ಕೊಟ್ಟಿದ್ದೇವೆ. ಬ್ಯಾಚುಲರ್ ಬೇಡ ಅನ್ನುವವರು ಒಮ್ಮೆ ಯೋಚಿಸಿ. ಬೀದರ್, ಔರಾದ್, ಸುರಪುರ ಕಡೆಯಿಂದ ಓದಲಿಕ್ಕೆ ಬಂದ ಹುಡುಗರು ಎಲ್ಲಿಗೆ ಹೋಗಬೇಕು?

ನಾವು ಮಾಡುವುದು ಇಷ್ಟೇ. ತಂದೆ ಅಥವಾ ತಾಯಿ ಒಮ್ಮೆ ಬಂದು ಮನೆ ನೋಡಬೇಕು. ಬರಲಿಕ್ಕೆ ಆಗದಿದ್ದರೆ ವಿಡಿಯೋ ಕಾಲ್. ಕಾಲೇಜಿನ ಐಡಿ ಮತ್ತು ಆ ವರ್ಷದ ಫೀಸ್ ರಸೀದಿ ನೋಡುತ್ತೇವೆ. ಐಡಿ ಹಳೆಯದಾಗಿರಬಹುದು, ಫೀಸ್ ರಸೀದಿ ಇದ್ದರೆ ಈ ವರ್ಷ ಓದುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಕರಾರಿನಲ್ಲಿ ತಂದೆಯ ಸಹಿಯೂ ಇರುತ್ತದೆ. ಊರಿಂದ ಬರುವಾಗ ಅವರ ತಾಯಂದಿರು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ನಮಗೂ ಕಟ್ಟಿ ಕಳಿಸುತ್ತಾರೆ. ಎಂಟು ವರ್ಷದಲ್ಲಿ ಒಂದು ತಿಂಗಳ ಬಾಡಿಗೆಯೂ ಮುಳುಗಿಲ್ಲ.

ಹುಮನಾಬಾದ್_ರಿಂಗ್_ರೋಡ್

ಆನ್‌ಲೈನಲ್ಲಿ ಮನೆ ಬಾಡಿಗೆ ಜಾಹೀರಾತು ಹಾಕುವವರು ಇದನ್ನು ಓದಿ. ನಮ್ಮ ತಮ್ಮನಿಗೆ ಆದದ್ದು. ಹಾಕಿದ ಒಂದು ತಾಸಿಗೆ ಫೋನ್ ಬಂತು. ಹಿಂದಿಯಲ್ಲಿ ಮಾತು. ಸೈನ್ಯದಲ್ಲಿದ್ದೇನೆ, ಕಲಬುರಗಿಗೆ ವರ್ಗ ಆಗಿದೆ, ಮನೆ ನೋಡಲು ಬರಲಿಕ್ಕೆ ರಜೆ ಇಲ್ಲ, ಡಿಪಾಸಿಟ್ ಈಗಲೇ ಕಳಿಸುತ್ತೇನೆ ಅಂದ. ಯೂನಿಫಾರ್ಮ್ ಹಾಕಿದ ಫೋಟೋ, ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್ ಎಲ್ಲಾ ಕಳಿಸಿದ. ಆಮೇಲೆ ಒಂದು ಕ್ಯೂಆರ್ ಕೋಡ್. ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ ಅಂದ. ತಮ್ಮ ಒತ್ತಿದ. 18,000 ಹೋಯ್ತು.

ದುಡ್ಡು ಬರಲಿಕ್ಕೆ ಯಾವತ್ತೂ ಪಿನ್ ಒತ್ತಬೇಕಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತೆ. ಹೀಗಾದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ಸಿಗುವುದು ಕಷ್ಟ. ಮನೆ ನೋಡದೆ ಡಿಪಾಸಿಟ್ ಕೊಡುವವರು ಯಾರೇ ಆಗಲಿ, ಫೋನ್ ಇಟ್ಟುಬಿಡಿ.

ಮೀಟರ್_ಬೋರ್ಡ್

ಅಕ್ಕಾವ್ರೇ, ಲೈಟ್ ಬಿಲ್ ವಿಷಯಕ್ಕೆ ಬರುತ್ತೇನೆ. ಲೈಟಿನ ಕೆಲಸದಲ್ಲೇ ಇರುವವನು ನಾನು. ಗೃಹಜ್ಯೋತಿಗೆ ಅಧಿಕೃತ ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ, 2023ರ ಆಗಸ್ಟ್ 5ಕ್ಕೆ. ಅವತ್ತಿನಿಂದ ಬಾಡಿಗೆ ಮನೆಯವರ ಜಗಳ ಒಂದು ಹೊಸದಾಗಿ ಸೇರಿಕೊಂಡಿದೆ. ಹಳೇ ಬಾಡಿಗೆಯವರ ಆಧಾರ್ ನಿಮ್ಮ ಲೈಟ್ ಕನೆಕ್ಷನ್ನಿನ ಆರ್‌ಆರ್ ನಂಬರಿಗೆ ಜೋಡಣೆ ಆಗಿರುತ್ತದೆ. ಅವರು ಅದನ್ನು ಬಿಡಿಸದೆ ಹೋದರೆ ಹೊಸಬರಿಗೆ ತೊಂದರೆ. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಡಿ-ಲಿಂಕ್ ಮಾಡಲು ಬರುತ್ತದೆ, ಆದರೆ ಓಟಿಪಿ ಆಧಾರ್ ಇದ್ದವರ ಫೋನಿಗೆ ಹೋಗುತ್ತದೆ. ಅದಕ್ಕೇ ಮನೆ ಬಿಡುವ ದಿನ, ಡಿಪಾಸಿಟ್ ಕೈಗೆ ಕೊಡುವ ಮೊದಲು, ಎದುರಿಗೇ ಮಾಡಿಸಿಬಿಡಬೇಕು. ನಿಮ್ಮವರು ಓಡಿಹೋಗಿದ್ದಾರೆ. ಹಳೇ ಬಿಲ್ಲು, ನಿಮ್ಮ ಮನೆ ಕಾಗದ, ಹೊಸ ಕರಾರು ಪತ್ರ ಹಿಡಿದುಕೊಂಡು ನಿಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಉಪವಿಭಾಗ ಕಚೇರಿಗೆ ಹೋಗಿ.

ಹೊಸಬರನ್ನು ನೋಡುವಾಗ ಅವರ ಈಗಿನ ಮನೆಯ ಇತ್ತೀಚಿನ ಲೈಟ್ ಬಿಲ್ ಒಂದು ಕೇಳಿ. ಬಾಕಿ ಅಂತ ಒಂದು ಸಾಲು ಇರುತ್ತದೆ. ಬಾಕಿ ಸೊನ್ನೆ ಇದ್ದರೆ ಕಟ್ಟಿಕೊಂಡು ಬಂದವರು. ಎಷ್ಟು ಯೂನಿಟ್ ಸುಡುತ್ತಾರೆ ಅಂತಲೂ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಕೂಲರ್, ಚಳಿಗಾಲದಲ್ಲಿ ಗೀಸರ್ ಸೇರಿ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಕೆಳಗೆ ಮೇಲೆ ಒಂದೇ ಮೀಟರ್ ಇಟ್ಟುಕೊಂಡು ಹಂಚಿಕೊಳ್ಳುವ ಲೆಕ್ಕ ಬೇಡ, ಜಗಳಕ್ಕೆ ಅದೇ ಮೂಲ.

ಎಲ್ಲರಿಗೂ_ಹೇಳುವೆ

ನರ್ಸ್ ತಂಗಿಯ ಮಾತು ಓದಿದೆ. ಲೋಟ ಹೊರಗಿಟ್ಟಿದ್ದು ತಪ್ಪು, ಅದನ್ನು ನಾನು ಒಪ್ಪುತ್ತೇನೆ. ಆದರೂ ಕೆಳಗೆ ಮನೆಯವರು ಇರುವಾಗ ಅಡುಗೆ ವಾಸನೆ ನಮಗೆ ಆಗುವುದಿಲ್ಲ ಅನ್ನುವವರು ಇರುತ್ತಾರೆ, ಅವರ ಕಷ್ಟವೂ ಕಷ್ಟವೇ.

ಬಾಡಿಗೆಯಲ್ಲೇ_ಹತ್ತು_ವರ್ಷ

ಹಾಗಿದ್ದರೆ ಅಡುಗೆ ಬಗ್ಗೆಯೇ ಮಾತಾಡಿ ಅಣ್ಣಾ. ಕಿಟಕಿ ತೆಗೆದು ಅಡುಗೆ ಮಾಡಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಿಕೊಡ್ತೀವಿ ಅಂದರೆ ಬೇಡ ಅನ್ನುವವರು ಯಾರು? ಜಾತಿ ಕೇಳಿ ಅಡುಗೆ ಊಹಿಸುವುದು ಯಾಕೆ?

ಮಾಳಿಗೆ_ಮನೆ

ಹದಿನೆಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ರಜೆ ಹಾಕಿ ಊರಿಗೆ ಬಂದಿದ್ದೆ.

ಮೂರೂ ಕಡೆಯವರಿಗೆ ಒಂದೇ ಹಾಳೆ ಮಾಡಿದೆ. ಯಾರ್ಯಾರು ಇರ್ತೀರಿ, ಕೆಲಸ, ಹಿಂದಿನ ಎರಡು ಮನೆ, ಆ ಮನೆ ಬಿಟ್ಟ ಕಾರಣ, ಇತ್ತೀಚಿನ ಲೈಟ್ ಬಿಲ್. ಜಾತಿಗೆ ಜಾಗ ಇಡಲಿಲ್ಲ. ಅವ್ವ ಹಾಳೆ ತಿರುಗಿಸಿ ನೋಡಿದಳು, ಏನೂ ಅನ್ನಲಿಲ್ಲ.

ಬ್ಯಾಂಕಿನ ಹುಡುಗ ನಾಲ್ಕು ತಿಂಗಳಲ್ಲಿ ವರ್ಗ ಆಗಬಹುದು ಅಂತ ತಾನೇ ಹೇಳಿ ಹಿಂದೆ ಸರಿದ. ಒಳ್ಳೆಯ ಹುಡುಗ. ನರ್ಸ್ ಹುಡುಗಿಯರೂ ಮಿಲ್ಲಿನವರೂ ಎರಡೂ ಕಡೆ ಸರಿ ಅನ್ನಿಸಿತು. ಹಿಂದಿನ ಮನೆಗೆ ನಾನೇ ಹೋಗಿ ಬರ್ತೀನಿ ಅಂದರೆ ಅವ್ವ "ನಾನೂ ಬರ್ತೀನಿ" ಅಂದಳು. ಆಟೋದಲ್ಲಿ ಶಹಾಬಜಾರ್ ಕಡೆ ಹೋದೆವು, ಈಗಿನ ಮನೆಗಿಂತ ಮುಂಚೆ ಮಿಲ್ಲಿನವರು ಬಾಡಿಗೆಗಿದ್ದ ಜಾಗ. ಮನೆಯವರು ವಯಸ್ಸಾದ ಹೆಣ್ಣುಮಗಳು. ಕಟ್ಟೆ ಮೇಲೆ ಕೂತು ಇಬ್ಬರೂ ಅರ್ಧ ತಾಸು ಮಾತಾಡಿದರು, ನಾನು ಸುಮ್ಮನೆ ಕೇಳಿಸಿಕೊಂಡೆ. ಬಾಡಿಗೆ ಹೇಗೆ ಕೊಡುತ್ತಿದ್ದರು ಅಂತ ಅವ್ವ ಕೇಳಿದ್ದಕ್ಕೆ ಅವರು "ಒಂದೆರಡ ಸಲ ತಡ ಮಾಡ್ಯಾರ, ಮುಳುಗಿಸಿಲ್ಲ" ಅಂದರು. ಆಮೇಲೆ ಎದ್ದು ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದರು. ಮೊಳೆ ಹೊಡೆದಲ್ಲೆಲ್ಲ ಮೊಳೆ ಕಿತ್ತು, ಸಿಮೆಂಟ್ ತುಂಬಿ, ಮೇಲೆ ಸುಣ್ಣ ಒರೆಸಿದ ಗುರುತು. "ಹೋಗೂ ಮುಂದ ಇದನ್ನ ಅವರೇ ಮಾಡಿ ಹೋದ್ರು, ನಾ ಹೇಳಿದ್ದಿಲ್ಲ."

ಅವ್ವ ಆ ಗೋಡೆಯ ಮೇಲೆ ಕೈ ಆಡಿಸಿದಳು. ಆಟೋ ಹತ್ತಿದ ಮೇಲೆ "ಅವರಿಗೇ ಕೊಡೂಣು" ಅಂದಳು.

ನರ್ಸ್ ಹುಡುಗಿಯರಿಗೆ ಆ ದಿನ ಸಂಜೆಯೇ ಫೋನ್ ಮಾಡಿ ಹೇಳಿದೆ. ಪಕ್ಕದ ಓಣಿಯಲ್ಲಿ ಒಂದು ಮನೆ ಖಾಲಿ ಇತ್ತು. ಆ ಮನೆಯವರಿಗೆ "ಈ ಹುಡುಗಿಯರ ಬಗ್ಗೆ ವಿಚಾರಿಸಿದ್ದೇನೆ, ಒಳ್ಳೆಯವರು" ಅಂತ ಅವ್ವನೇ ಹೋಗಿ ಹೇಳಿದಳು. ಮಾತುಕತೆ ನಡೆದಿದೆ.

ಕರಾರು 11 ತಿಂಗಳಿಗೆ. ಬಾಡಿಗೆ 6,500, ಡಿಪಾಸಿಟ್ ಎರಡು ತಿಂಗಳದು, ಒಂದು ತಿಂಗಳ ನೋಟಿಸ್, ಬಾಡಿಗೆ ಬಟವಾಡೆಯ ಮರುದಿನ. ಖಾಲಿ ಮನೆಯ ವಿಡಿಯೋ ಇಬ್ಬರ ಫೋನಲ್ಲೂ ಇದೆ, ಪರಸಿ, ನಲ್ಲಿ, ಕಿಟಕಿ ಎಲ್ಲಾ ಸೇರಿ. ಠಾಣೆಗೆ ಫಾರ್ಮ್ ಕೊಟ್ಟು ಮುದ್ರೆ ಹಾಕಿಸಿದ್ದಾಯ್ತು. ಜೆಸ್ಕಾಂಗೆ ಅರ್ಜಿ ಕೊಟ್ಟಿದ್ದೇವೆ, ಇನ್ನೂ ಆಗಿಲ್ಲ. ಆದ ಮೇಲೆ ಇಲ್ಲೇ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು.

ಭಾನುವಾರ ಸಾಮಾನು ಬಂತು. ಅದರಲ್ಲಿ ಕೂಲರ್ ಒಂದಿತ್ತು. ಅವ್ವನ ಮುಖ ನೋಡಿದೆ. ಆಕೆ ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಹೋಗಿ, ಹೋದ ಸಲ ಗಿಲಾವು ಉಬ್ಬಿದ ಜಾಗ ತೋರಿಸಿದಳು. ಅವರು ಸ್ವಲ್ಪ ಹೊತ್ತು ನಿಂತು ನೋಡಿದರು. ಸಂಜೆ ಹೊತ್ತಿಗೆ ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡ್ ಕೂಡಿಸಿ ಕೂಲರನ್ನು ಅದರ ಮೇಲೆ ಇಟ್ಟು, ಕೆಳಗೆ ತಟ್ಟೆ ಇಟ್ಟು, ಅದರಿಂದ ಒಂದು ಪೈಪು ಇಳಿಬಿಟ್ಟು ಅವ್ವನ ಕರಿಬೇವಿನ ಗಿಡದ ಬುಡಕ್ಕೆ ಬಿಟ್ಟಿದ್ದರು.